ಪಾಳು ಅಂತ ಬರೆದಿದ್ದ ಜಾಗದಲ್ಲಿ ಕುರಿ ಮೇಯ್ತಿದ್ವು: ಒಂದು ಸೋಲಾರ್ ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಮೊದಲೇ ಹೇಳ್ಬಿಡ್ತೀನಿ, ಊರಿನ ಹೆಸರು, ಕಂಪನಿ ಹೆಸರು, ಜನರ ಹೆಸರು ಯಾವ್ದೂ ಇಲ್ಲಿ ಇಲ್ಲ. ಎಕರೆ ಲೆಕ್ಕಾನೂ ಸ್ವಲ್ಪ ಆಚೀಚೆ ಮಾಡಿದೀನಿ, ಬಾಡಿಗೆ ಮೊತ್ತ ಬರೀತಿಲ್ಲ, ಯಾಕಂದ್ರೆ ಮೊತ್ತ ನೋಡಿದ್ರೆ ಗುರುತು ಹಿಡಿಯೋರು ಇದಾರೆ. ನಾನು ಮಣ್ಣು ಪರೀಕ್ಷೆ ಕೆಲಸದವ, ಜಮೀನಿನ ಮಾಲೀಕರು ಕರೆದಿದ್ರು ಅಂತ ಹೋದೆ, ಎರಡು ತಿಂಗಳ ಕೆಲಸ ಅಂದ್ಕೊಂಡಿದ್ದು ಮೂರು ವರ್ಷ ಆಯ್ತು. ಇದರಲ್ಲಿ ನನ್ನದೇ ಒಂದು ದೊಡ್ಡ ತಪ್ಪಿದೆ, ಅದನ್ನ ಮುಚ್ಚಿಟ್ಟು ಬರೆದ್ರೆ ಬೇರೆಯವರಿಗೆ ಉಪಯೋಗ ಆಗಲ್ಲ, ಹಾಗಾಗಿ ಅದನ್ನೂ ಬರೆದಿದೀನಿ.

ಹಿನ್ನೆಲೆ

ಒಟ್ಟು 260 ಎಕರೆ, 31 ಜನ ಹಿಡುವಳಿದಾರರು, ಎಲ್ಲಾ ಒಂದಕ್ಕೊಂದು ತಾಗಿಕೊಂಡಿರೋ ಜಮೀನು. ಕೆಳಗಡೆ ಸುಮಾರು 90 ಎಕರೆ ಆಳವಾದ ಮಣ್ಣು, ಬಾವಿ ನೀರು ಇದೆ, ವರ್ಷಕ್ಕೆ ಎರಡು ಬೆಳೆ ಗ್ಯಾರಂಟಿ. ಮೇಲ್ಗಡೆ 170 ಎಕರೆ ಇಳಿಜಾರು, ಕಲ್ಲು ಜಾಸ್ತಿ, ಮಳೆ ನಂಬ್ಕೊಂಡೇ ಬೆಳೀಬೇಕು, ಅದರಲ್ಲೂ ಮೂರನೇ ಒಂದು ಭಾಗ ಉಳುಮೆ ಕಂಡು ಎಷ್ಟೋ ವರ್ಷ ಆಗಿತ್ತು. ದಾಖಲೆಯಲ್ಲಿ ಆ ಭಾಗಕ್ಕೆ ಪಾಳು ಅಂತಾನೇ ಬರೆದಿತ್ತು. ಈ ಪದ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಕಂಪನಿ ಕೇಳಿದ್ದು 50 ಮೆಗಾವಾಟ್ ಪ್ಲಾಂಟಿಗೆ 240 ಎಕರೆ. ಒಂದು ಮೆಗಾವಾಟಿಗೆ 4ರಿಂದ 5 ಎಕರೆ ಅನ್ನೋದು ನೆಲದ ಮೇಲೆ ಕೂರಿಸೋ ಪ್ಲಾಂಟಿಗೆ ಸಾಮಾನ್ಯ ಲೆಕ್ಕ, ಸೂರ್ಯನ ಹಿಂದೆ ತಿರುಗೋ ಟ್ರ್ಯಾಕರ್ ಹಾಕಿದ್ರೆ ಇನ್ನೂ ಜಾಸ್ತಿ ಬೇಕು, ಹಾಗಾಗಿ ಅವರು ಕೇಳಿದ್ದು ಅತಿಯೇನಲ್ಲ. ಕೊಂಡ್ಕೊಳ್ಳೋದಲ್ಲ, ಲೀಸು, 28 ವರ್ಷಕ್ಕೆ. ಬಾಡಿಗೆ ಕೆಳಗಿನ ಜಮೀನಿಗೂ ಮೇಲಿನ ಜಮೀನಿಗೂ ಒಂದೇ ರೇಟು.

ಈ ಒಂದೇ ರೇಟು ಅನ್ನೋದೇ ಊರನ್ನ ಒಡೆದದ್ದು. ಮೇಲಿನವರಿಗೆ ಅದು ಬೆಳೆಯಿಂದ ಬರೋದಕ್ಕಿಂತ ಎಷ್ಟೋ ಪಾಲು ಜಾಸ್ತಿ, ಕೆಳಗಿನವರಿಗೆ ಒಳ್ಳೆ ವರ್ಷದ ಆದಾಯಕ್ಕಿಂತ ಕಮ್ಮಿ, ಕೆಟ್ಟ ವರ್ಷಕ್ಕಿಂತ ಜಾಸ್ತಿ.

ಜಗಳ ಎಲ್ಲಿಂದ ಶುರುವಾಯ್ತು

ಮೊದಲ ಸಭೆಯಲ್ಲಿ ನಾನೂ ಇದ್ದೆ. ಕೆಳಗಡೆ 14 ಎಕರೆ ಇರೋ ಹಿರಿಯರೊಬ್ಬರು ಎದ್ದು ನಿಂತು, ಅನ್ನ ಬೆಳೆಯೋ ಮಣ್ಣಿನ ಮೇಲೆ ಗಾಜು ಹಾಸ್ತೀರಾ ಅಂದ್ರು, ಅಲ್ಲಿಂದ ಸಭೆ ಕೈ ತಪ್ಪಿ ಹೋಯ್ತು. ಅವರ ಮಗನೇ ಎದುರು ನಿಂತ. ಅಪ್ಪಾ, ಅಮೆರಿಕಾದಲ್ಲಿ ಬೆಳೆಯೋ ಮೆಕ್ಕೆಜೋಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಥನಾಲ್ ಮಾಡೋಕೆ ಹೋಗತ್ತೆ, ಅದೂ ಗಾಡಿ ಓಡಿಸೋ ಎನರ್ಜಿನೇ ತಾನೆ, ಅದೇ ಎಕರೆಯಲ್ಲಿ ಪ್ಯಾನೆಲ್ ಇಟ್ರೆ ಎಷ್ಟೋ ಪಟ್ಟು ಜಾಸ್ತಿ ಸಿಗತ್ತೆ ಅಂದ. ಮಗ ಹೇಳಿದ ಲೆಕ್ಕದಲ್ಲಿ ತಪ್ಪಿಲ್ಲ. ಗಿಡ ಬಿಸಿಲಿನ ಶಕ್ತಿಯಲ್ಲಿ ಹಿಡಿದಿಟ್ಕೊಳ್ಳೋದು ಹೊಲದ ಮಟ್ಟದಲ್ಲಿ ಸುಮಾರು 1% ಅಥವಾ ಅದಕ್ಕಿಂತ ಕಮ್ಮಿ, ಇವತ್ತಿನ ಪ್ಯಾನೆಲ್ 20% ದಾಟತ್ತೆ. ಆದ್ರೆ ಅಪ್ಪ ಕೇಳಿದ್ದು ಎನರ್ಜಿ ಲೆಕ್ಕ ಅಲ್ಲ, ಈ 90 ಎಕರೆ ಮಣ್ಣು ಮತ್ತೆ ಸಿಗತ್ತಾ ಅಂತ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡ್ತಿದ್ರು, ಇಡೀ ಸಭೆ ಹಾಗೇ ನಡೀತು. ಈ ವಿಷಯದ ಮೇಲೆ ನಾನು ಕೇಳಿರೋ ಬಹುಪಾಲು ವಾದಗಳ ಗತಿನೂ ಇದೇ.

ಇನ್ನೊಂದು ಕಡೆ ಒಬ್ಬ ಹೆಣ್ಣುಮಗಳು ಇದ್ರು, ಗಂಡ ತೀರಿಹೋಗಿ ಏಳು ಎಕರೆ ಕೈಯಲ್ಲಿದೆ, ಮಾಡೋರಿಲ್ಲ, ಸಾಲ ಇದೆ. ಅವರು ಮಾತಾಡಿದ್ದು ಒಂದೇ ಸಲ. ನೀವೆಲ್ಲ ಬೇಡ ಅಂದ್ರೆ ನನ್ನ ಬಡ್ಡಿ ಯಾರು ಕಟ್ತೀರಾ ಹೇಳಿ ಅಂದ್ರು. ಯಾರೂ ಉತ್ತರ ಕೊಡ್ಲಿಲ್ಲ, ಮಾತು ಬೇರೆ ಕಡೆ ಹೋಯ್ತು. ಅವತ್ತು ಅಲ್ಲೇ ನಿಂತು ಉತ್ತರ ಹುಡುಕಬೇಕಿತ್ತು ಅಂತ ನನಗೆ ಈಗಲೂ ಅನ್ನಿಸತ್ತೆ.

ಎರಡನೇ ಸಭೆಯಲ್ಲಿ ಕೈ ಎತ್ತಿಸಿ ಮತ ಹಾಕ್ಸಿದ್ರು. 31ರಲ್ಲಿ 19 ಜನ ಸರಿ ಅಂದ್ರು. ಲೀಸು ಬಹುಮತದಿಂದ ಆಗೋ ವಸ್ತು ಅಲ್ಲ, ಒಬ್ಬೊಬ್ಬರೂ ಸಹಿ ಹಾಕ್ಬೇಕು, ಹಾಗಾಗಿ ಆ ಮತದಿಂದ ಆದದ್ದು ಇಷ್ಟೇ: ಯಾರು ಯಾವ ಕಡೆ ಅಂತ ಎಲ್ಲರಿಗೂ ಗೊತ್ತಾಗಿ ಮಾತುಕತೆ ನಿಂತುಹೋಯ್ತು. ಬೇರೆ ಕಡೆ ಇದನ್ನ ಮಾಡೋಕೆ ಹೊರಟಿರೋರಿಗೆ ಒಂದು ಮಾತು, ಇಷ್ಟು ಬೇಗ ಮತ ಹಾಕಿಸ್ಬೇಡಿ.

ಮಣ್ಣಿನ ಗುಂಡಿಗಳು

ನಾನು ಮಾಡಿದ ಮೊದಲ ಕೆಲಸ 22 ಕಡೆ ಗುಂಡಿ ತೋಡಿಸಿದ್ದು, ಒಂದೊಂದೂ ಒಂದು ಮೀಟರ್ ಆಳ. ಕೆಳಗಡೆ ಪೂರ್ತಿ ಒಂದು ಮೀಟರ್ ತೋಡಿದ್ರೂ ಕಲ್ಲು ಸಿಗಲಿಲ್ಲ. ಮೇಲ್ಗಡೆ ಒಂದು ಗೇಣಿಗೇ ಗಟ್ಟಿ ಪದರ. ಎರಡು ಬಣ್ಣದ ಒಂದು ನಕ್ಷೆ ಬರೆದೆ. ಆ ನಕ್ಷೆ ಸಭೆಗೆ ತಗೊಂಡು ಹೋದಾಗ ಮೊದಲ ಸಲ ಜನ ಸೋಲಾರ್ ಬೇಕಾ ಬೇಡ್ವಾ ಅನ್ನೋದು ಬಿಟ್ಟು ಎಲ್ಲಿ ಅಂತ ಮಾತಾಡಿದ್ರು.

ಆದ್ರೆ ಕಂಪನಿಯವರ ಲೇಔಟ್ ಪಕ್ಕದಲ್ಲಿಟ್ಟು ನೋಡಿದ್ರೆ ಅವರು ಮೊದಲ ಹಂತಕ್ಕೆ ಆರಿಸಿದ್ದು ಸರಿಯಾಗಿ ಕೆಳಗಿನ 90 ಎಕರೆಯನ್ನೇ. ಜನ ಇದು ಮೋಸ ಅಂದ್ರು, ಮೋಸ ಏನೂ ಇರಲಿಲ್ಲ. ಒಳ್ಳೆ ಹೊಲಕ್ಕೆ ಏನು ಬೇಕೋ ಪ್ಲಾಂಟಿಗೂ ಅದೇ ಬೇಕು: ಸಮತಟ್ಟು ನೆಲ, ರಸ್ತೆ, ಮರದ ನೆರಳು ಇಲ್ಲದಿರೋದು, ಕಂಬ ಸಲೀಸಾಗಿ ಇಳಿಯೋ ಮೆತ್ತಗಿನ ಮಣ್ಣು. ಕಲ್ಲು ಸಿಕ್ಕಿದ್ರೆ ಕಂಬ ಹೊಡೆಯೋಕೆ ಮುಂಚೆ ಡ್ರಿಲ್ ಮಾಡ್ಬೇಕು, ಖರ್ಚು. ಎಲ್ಲಕ್ಕಿಂತ ಮುಖ್ಯ ಸಬ್‌ಸ್ಟೇಷನ್, ಅದು ಕೆಳಗಿನ ರಸ್ತೆ ಪಕ್ಕದಲ್ಲೇ ಇತ್ತು. ಮೇಲಕ್ಕೆ ಹೋದ್ರೆ ಲೈನ್ ಹೆಚ್ಚೂಕಮ್ಮಿ ಎರಡು ಕಿಲೋಮೀಟರ್ ಜಾಸ್ತಿ. ಸುಮ್ನೆ ಬಿಟ್ರೆ ಪ್ಲಾಂಟ್ ಒಳ್ಳೆ ಜಮೀನಿನ ಮೇಲೇ ಬಂದು ಕೂರತ್ತೆ, ಯಾರ ದುರುದ್ದೇಶವೂ ಬೇಕಿಲ್ಲ ಅದಕ್ಕೆ.

ಎತ್ತರಿಸಿ ಕೂರಿಸೋ ಪ್ರಯತ್ನ

ಮಗನ ಕಡೆಯ ಹುಡುಗರು ಅಗ್ರಿವೋಲ್ಟಾಯಿಕ್ ಅಂದ್ರು, ಮೇಲೆ ಪ್ಯಾನೆಲ್ ಕೆಳಗೆ ಬೆಳೆ. ಇದೇನು ಹೊಸದಲ್ಲ, ಜರ್ಮನಿಯಲ್ಲಿ ಗೋಟ್ಸ್‌ಬರ್ಗರ್ ಮತ್ತು ಜಾಸ್ಟ್ರೋ ಅನ್ನೋ ಇಬ್ಬರು 1982ರಲ್ಲೇ ಪ್ರಸ್ತಾಪ ಮಾಡಿದ್ರು. ಅಲ್ಲೇ ಹೆಗ್ಗೆಲ್‌ಬಾಖ್ ಅನ್ನೋ ಕಡೆ ಫ್ರೌನ್‌ಹೋಫರ್ ಅನ್ನೋ ಸಂಶೋಧನಾ ಸಂಸ್ಥೆ 2016ರಲ್ಲಿ ಐದು ಮೀಟರ್ ಎತ್ತರದಲ್ಲಿ ಪ್ಯಾನೆಲ್ ಕೂರಿಸಿ ಕೆಳಗೆ ಗೋಧಿ, ಆಲೂಗಡ್ಡೆ ಬೆಳೆಸಿ ನೋಡ್ತು. ಬೆಳೆ ಮಾತ್ರ ಅಥವಾ ವಿದ್ಯುತ್ತು ಮಾತ್ರ ಮಾಡಿದ್ರೆ 100% ಅಂತಿಟ್ಕೊಂಡು ಎರಡನ್ನೂ ಕೂಡಿಸಿದ್ರೆ ಜಮೀನಿನ ಒಟ್ಟು ಉಪಯೋಗ 2017ರಲ್ಲಿ 160%, ಬಿಸಿಲೂ ಬರಗಾಲವೂ ಇದ್ದ 2018ರಲ್ಲಿ 186% ಅಂತ ಬಂತು. ಆದ್ರೆ 2017ರಲ್ಲಿ ಗೋಧಿ, ಆಲೂಗಡ್ಡೆ ಇಳುವರಿ ಸುಮಾರು ಐದನೇ ಒಂದು ಭಾಗ ಬಿದ್ದಿತ್ತು ಅನ್ನೋದನ್ನ ಹುಡುಗರು ಹೇಳಿರಲಿಲ್ಲ, ನಾನು ಹೇಳಿದೆ. ಅಮೆರಿಕಾದ ಅರಿಜೋನಾದ ಒಣ ಬಿಸಿಲಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೆರಳಲ್ಲಿ ಟೊಮೇಟೊ ಎರಡು ಪಟ್ಟು, ಅಲ್ಲಿನ ಒಂದು ಜಾತಿ ಕಾಡುಮೆಣಸಿನಕಾಯಿ ಮೂರು ಪಟ್ಟು ಬಂದಿತ್ತು, ಅದನ್ನೂ ಹೇಳಿದೆ. ಬಿಸಿಲು ಮಿಕ್ಕೋ ಕಡೆ ನೆರಳು ಲಾಭ, ಬಿಸಿಲು ಸಾಲದ ಕಡೆ ನಷ್ಟ, ಬೆಳೆ ಯಾವ್ದು ಅನ್ನೋದರ ಮೇಲೂ ಹೋಗತ್ತೆ.

ಕಂಪನಿಯವರು ಸಾಧ್ಯವೇ ಇಲ್ಲ ಅಂದ್ರು. ಅಷ್ಟು ಎತ್ತರಕ್ಕೆ ಹೋದ್ರೆ ಗಾಳಿ ಹೊಡೆತಕ್ಕೆ ಉಕ್ಕು ಎಷ್ಟೋ ಪಾಲು ಜಾಸ್ತಿ ಬೇಕು, ಕರೆಂಟಿನ ರೇಟು ಒಪ್ಪಂದದಲ್ಲಿ ಆಗಲೇ ನಿಗದಿ ಆಗಿದೆ, ಸಾಲ ಕೊಡೋ ಬ್ಯಾಂಕು ಒಪ್ಪಲ್ಲ. ಅವರು ಸುಳ್ಳು ಹೇಳ್ತಿರಲಿಲ್ಲ. ಇಟಲಿ 2024ರಲ್ಲಿ ಕೃಷಿ ಜಮೀನಿನ ನೆಲಮಟ್ಟದ ಪ್ಯಾನೆಲ್‌ಗಳನ್ನ ಬಿಗಿಯಾಗಿ ತಡೆದು ಎತ್ತರಿಸಿದ್ದಕ್ಕೆ ದಾರಿ ಬಿಟ್ಟಿದೆ, ಜಪಾನ್ 2013ರಿಂದ ಕೆಳಗಿನ ಬೆಳೆ ಆ ಪ್ರದೇಶದ ಸರಾಸರಿಯ 80% ಆದ್ರೂ ಬರಬೇಕು ಅನ್ನೋ ಷರತ್ತು ಇಟ್ಟಿದೆ, ಅಂಥ ನಿಯಮ ಇದ್ರೆ ಮೊದಲ ದಿನದಿಂದಲೇ ಲೆಕ್ಕ ಬೇರೆ ಇರತ್ತೆ. ನಮ್ಮ ಪ್ರಕರಣದಲ್ಲಿ ಕರೆಂಟಿನ ರೇಟು ನಿಗದಿ ಆದ ಮೇಲೆ ಕೇಳಿದ್ವಿ, ತಡವಾಗಿತ್ತು. ಕೊನೆಗೆ ಕೆಳಗಿನ ಒಂದು ಅಂಚಿನಲ್ಲಿ ಎರಡು ಎಕರೆ ಎತ್ತರದ ಪ್ರಯೋಗಕ್ಕೆ ಒಪ್ಪಿದ್ರು, ಅಷ್ಟೇ.

ತಿರುವು ಅಂದ್ಕೊಂಡಿದ್ದು

ನಾಲ್ಕು ತಿಂಗಳ ಮಾತುಕತೆ ಆದ ಮೇಲೆ ಕಂಪನಿ ಮೇಲಿನ ಜಮೀನಿಗೆ ಹೋಗೋಕೆ ಒಪ್ತು. ಸಾಮರ್ಥ್ಯ 32 ಮೆಗಾವಾಟಿಗೆ ಇಳೀತು, ಜಾಗ 150 ಎಕರೆ. ಕೆಳಗಿನವರು ಕೇಬಲ್ ಹೋಗೋಕೆ ಹೊಲದ ಅಂಚಲ್ಲಿ ದಾರಿ ಬಿಟ್ಟರು, ಅದಕ್ಕೆ ಬೇರೆ ಬಾಡಿಗೆ. ಹೆಣ್ಣುಮಗಳ ಏಳು ಎಕರೆಯಲ್ಲಿ ಐದು ಮೇಲ್ಗಡೆನೇ ಇತ್ತು, ಅವರಿಗೂ ಆಯ್ತು. ಒಳ್ಳೆ ಮಣ್ಣು ಉಳೀತು, ಪಾಳು ಭೂಮಿ ಉಪಯೋಗಕ್ಕೆ ಬಂತು ಅಂತ ಎಲ್ಲರೂ ಖುಷಿ, ನಾನಂತೂ ಬಹಳ ಖುಷಿಯಲ್ಲಿದ್ದೆ, ನಕ್ಷೆ ನಂದಲ್ವಾ. ವರದಿಯಲ್ಲಿ ಮೇಲಿನ ಜಾಗಕ್ಕೆ ಅನುಪಯುಕ್ತ ಅಂತ ಬರೆದು ಸಹಿ ಹಾಕಿದೆ.

ಸಹಿ ಹಾಕಿ ಹೊರಗೆ ಬಂದಾಗ ಕುರಿ ಕಾಯೋ ಒಬ್ಬರು ಸಭೆಯ ಬಾಗಿಲಲ್ಲಿ ನಿಂತಿದ್ರು. ಜಮೀನಿಲ್ಲದವರು, ಹಾಗಾಗಿ ಯಾವ ಸಭೆಗೂ ಅವರನ್ನ ಯಾರೂ ಕರೆದಿರಲಿಲ್ಲ. ಅವರು ಸಿಟ್ಟು ಮಾಡ್ಕೊಳ್ಳಲಿಲ್ಲ. ಸ್ವಾಮಿ, ನೀವು ಗುಂಡಿ ತೋಡಿದ್ದು ಬೇಸಿಗೇಲಿ, ಮಳೆ ಬಿದ್ದು ಹದಿನೈದು ದಿನಕ್ಕೆ ಒಂದ್ಸಲ ಬಂದು ನೋಡಿ ಅಂದ್ರು.

ಹೋದೆ. ಮೇಲಿನ ಇಳಿಜಾರೆಲ್ಲ ಹುಲ್ಲು, ಮೂರು ಮಂದೆ ಕುರಿ ಮೇಯ್ತಿದ್ವು. ಒಂಬತ್ತು ಮನೆಗಳು ಆ ಕುರಿಗಳ ಮೇಲೆ ನಿಂತಿದ್ವು. ಕೆಳಗೆ ಬೆಳೆ ಇರೋ ತಿಂಗಳುಗಳಲ್ಲಿ ಕುರಿ ಮೇಲೆ, ಕೊಯ್ಲು ಆದ ಮೇಲೆ ಕೆಳಗೆ, ಆಗ ಹೊಲಕ್ಕೆ ಗೊಬ್ಬರ. ಅಂದ್ರೆ ಪಾಳು ಅನ್ನೋ ಜಾಗ ಇಲ್ಲದಿದ್ರೆ ಬೆಳೆ ಇರೋ ತಿಂಗಳಲ್ಲಿ ಕುರಿ ಎಲ್ಲಿಗೆ ಹೋಗ್ಬೇಕು, ಕುರಿ ಹೋದ್ರೆ ಕೆಳಗಿನ ಒಳ್ಳೆ ಮಣ್ಣಿಗೆ ಗೊಬ್ಬರ ಎಲ್ಲಿಂದ. ನನ್ನ ನಕ್ಷೆಯಲ್ಲಿ ಎರಡು ಬಣ್ಣ ಬೇರೆ ಬೇರೆ ಇದ್ವು, ನೆಲದ ಮೇಲೆ ಅದು ಒಂದೇ ವ್ಯವಸ್ಥೆ.

ಕೃಷಿ ಜಮೀನು ಬೇಡ, ಬರಡು ಜಮೀನಲ್ಲಿ ಹಾಕಿ ಅನ್ನೋದು ಕೇಳೋಕೆ ನ್ಯಾಯ ಅನ್ನಿಸತ್ತೆ, ನಾನೂ ಅದನ್ನ ಪೂರ್ತಿ ನಂಬಿದ್ದೆ. ಆದ್ರೆ ಬರಡು, ಪಾಳು ಅನ್ನೋದು ಕಂದಾಯದ ಕಾಗದದ ಪದ, ಬೆಳೆ ಇಲ್ಲ ಅನ್ನೋದಷ್ಟೇ ಅದು ಹೇಳತ್ತೆ. ನಾವು ಮಾಡಿದ್ದೇನು ಅಂದ್ರೆ, ಕೂಗೋ ಶಕ್ತಿ ಇರೋ ಮಾಲೀಕರ ಮೇಲಿದ್ದ ಭಾರ ತೆಗೆದು ಸಭೆಗೆ ಕರೆಯದವರ ಮೇಲೆ ಇಟ್ವಿ. ಲೀಸಿನ ಹಣ ಮಾಲೀಕರಿಗೆ ಹೋಗತ್ತೆ, ಆ ನೆಲದ ಮೇಲೆ ಬದುಕ್ತಿದ್ದ ಉಳಿದವರಿಗೆ ಏನೂ ಬರಲ್ಲ. ಪಾವಗಡದ ದೊಡ್ಡ ಸೋಲಾರ್ ಪಾರ್ಕಿನ ವಿಷಯದಲ್ಲೂ ಈ ಮಾತು ಬಂದಿತ್ತು, ಐದು ಹಳ್ಳಿಗಳ ಸುಮಾರು 13,000 ಎಕರೆ, 2050 ಮೆಗಾವಾಟ್. ಅಲ್ಲಿ ಜಮೀನು ಕೊಳ್ಳದೆ ಲೀಸಿಗೆ ತಗೊಂಡಿದ್ದು, ಬಾಡಿಗೆ ಎರಡು ವರ್ಷಕ್ಕೊಮ್ಮೆ 5% ಏರೋ ಹಾಗೆ ಮಾಡಿದ್ದು ಮಾಲೀಕರಿಗೆ ಒಳ್ಳೇದೇ ಆಯ್ತು, ಆದ್ರೆ ಅದೇ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರಿಗೆ ಬಾಡಿಗೆ ಎಲ್ಲಿಂದ ಬರಬೇಕು. ಇದು ನನಗೆ ಓದಿ ಗೊತ್ತಿತ್ತು, ಗೊತ್ತಿದ್ದೂ ನಮ್ಮ ಪ್ರಕರಣದಲ್ಲಿ ಕೇಳೋದು ಮರೆತೆ.

ಮತ್ತೆ ಮೊದಲಿಂದ

ಆ ವರದಿ ವಾಪಸ್ ತಗೊಂಡೆ. ಮಾಲೀಕರಲ್ಲಿ ಕೆಲವರು ಬಹಳ ಬೇಜಾರಾದ್ರು, ಎಲ್ಲಾ ಮುಗಿದ ಮೇಲೆ ಇದೇನು ಸಾರ್ ಅಂದ್ರು. ಆಗ ಸಹಾಯಕ್ಕೆ ಬಂದಿದ್ದು ಮೊದಲ ಸಭೆಯಲ್ಲಿ ಗಾಜು ಹಾಸ್ತೀರಾ ಅಂದಿದ್ದ ಹಿರಿಯರೇ. ಕುರಿ ಗೊಬ್ಬರ ಇಲ್ಲದೆ ಆ ಮಣ್ಣು ಹಾಗಿರಲ್ಲ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಪ್ಯಾನೆಲ್ ಕೆಳಗೆ ಕುರಿ ಮೇಯಿಸೋದು ಬೇರೆ ದೇಶಗಳಲ್ಲಿ ಮಾಮೂಲು ಆಗಿದೆ. ಕುರಿನೇ ಯಾಕೆ ಅಂದ್ರೆ ದನ ಮೈ ಉಜ್ಜಿ ಕಂಬ ಬಗ್ಗಿಸತ್ತೆ, ಮೇಕೆ ಹತ್ತತ್ತೆ, ವೈರು ಕಡಿಯತ್ತೆ, ಕುರಿ ತಲೆ ತಗ್ಗಿಸಿ ಮೇಯತ್ತೆ. ಕಂಪನಿಗೂ ಹುಲ್ಲು ಕತ್ತರಿಸೋ ಖರ್ಚು ಉಳಿಯತ್ತೆ, ಹುಲ್ಲು ಬೆಳೆದು ಪ್ಯಾನೆಲ್ ಮೇಲೆ ನೆರಳು ಬಿದ್ರೆ ಅವರಿಗೂ ನಷ್ಟ ತಾನೆ. ಹಾಗಾಗಿ ಪ್ಯಾನೆಲಿನ ಕೆಳ ಅಂಚು 60 ಸೆಂಟಿಮೀಟರ್ ಇದ್ದದ್ದನ್ನ ಒಂದು ಮೀಟರಿಗೆ ಏರಿಸೋದು, ವೈರುಗಳನ್ನ ಕುರಿ ಬಾಯಿಗೆ ಸಿಗದ ಹಾಗೆ ಕಟ್ಟೋದು, ಒಂಬತ್ತು ಮನೆಯವರಿಗೆ ಒಳಗೆ ಮೇಯಿಸೋ ಹಕ್ಕು ಬರವಣಿಗೆಯಲ್ಲಿ ಕೊಡೋದು ಅಂತಾಯ್ತು. ಬರವಣಿಗೆ ಬೇಕು ಅಂತ ಹಟ ಹಿಡಿದದ್ದು ಕುರಿಯವರ ಮನೆಯ ಒಬ್ಬ ಹುಡುಗಿ. ಬಾಯಿಮಾತಿನ ಒಪ್ಪಂದ ಮ್ಯಾನೇಜರ್ ಬದಲಾದ್ರೆ ಹೋಗತ್ತೆ ಅಂದ್ಲು. ಒಂದೇ ವರ್ಷದಲ್ಲಿ ಸೈಟ್ ಮ್ಯಾನೇಜರ್ ಬದಲಾದ್ರು, ಕಾಗದ ಇದ್ದದ್ದಕ್ಕೆ ಉಳೀತು.

ಲೀಸಿನ ಕಾಗದದಲ್ಲೂ ಕೆಲವು ಸೇರಿಸಿದ್ವಿ. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು, ಒಂದು ಮೀಟರ್ ಆಳದವರೆಗಿನ ಕೇಬಲ್ ಎಲ್ಲಾ ತೆಗೀಬೇಕು, ಅದಕ್ಕೆ ಹತ್ತನೇ ವರ್ಷದಿಂದಲೇ ಠೇವಣಿ ಇಡಬೇಕು, ಕಂಪನಿ ಪ್ಲಾಂಟ್ ಮಾರಿದ್ರೆ ಕೊಂಡವರಿಗೂ ಎಲ್ಲಾ ಷರತ್ತು ಅನ್ವಯ. ಠೇವಣಿ ಮೊದಲ ವರ್ಷದಿಂದ ಅಂತ ಕೇಳಿದ್ವಿ, ಒಪ್ಪಲಿಲ್ಲ. ಇದರಲ್ಲಿ ನಾವು ಸೋತ್ವಿ ಅಂತಾನೇ ಹೇಳ್ಬೇಕು, ಯಾಕಂದ್ರೆ ಕಂಪನಿ ಎಂಟನೇ ವರ್ಷಕ್ಕೆ ಮುಳುಗಿದ್ರೆ 150 ಎಕರೆ ಉಕ್ಕು ಊರಿನ ತಲೆ ಮೇಲೆ.

ಆಮೇಲೆ ಆದದ್ದು

ಕಟ್ಟೋವಾಗ ಒಂದು ಅನಾಹುತ ಆಯ್ತು. ಕಂಟ್ರಾಕ್ಟರು ಸಮತಟ್ಟು ಮಾಡೋಕೆ ಅಂತ ಸುಮಾರು 40 ಎಕರೆಯಲ್ಲಿ ಮೇಲ್ಮಣ್ಣು ಕೆರೆದು ಹಳೇ ಬದುಗಳನ್ನ ಒಡೆದು ಹಾಕಿದ, ಕಳೆಗೆ ಔಷಧಿ ಬೇರೆ ಹೊಡೆಸಿದ. ಮೇಲ್ಮಣ್ಣು ಬೇರೆ ಕೂಡಿಡಬೇಕು ಅಂತ ಬರೆದಿದ್ವಿ, ಬದುವಿನ ಬಗ್ಗೆ ಏನೂ ಬರೆದಿರಲಿಲ್ಲ, ಬದು ಒಡೀತಾರೆ ಅಂತ ಯಾರಿಗೂ ಹೊಳೆದೇ ಇರಲಿಲ್ಲ. ಮೊದಲ ಜೋರು ಮಳೆಗೆ ಪ್ಯಾನೆಲಿನ ಕೆಳ ಅಂಚಿಂದ ನೀರು ಒಂದೇ ಗೆರೆಗೆ ಸುರಿದು, ಹುಲ್ಲಿಲ್ಲದ ನೆಲದಲ್ಲಿ ಕೊರಕಲು ಬಿದ್ದು, ಆ ಮಣ್ಣೆಲ್ಲ ಕೆಳಗಿನ ಹೊಲಕ್ಕೆ ಬಂತು. ಉಳಿಸ್ಬೇಕು ಅಂತ ಅಷ್ಟು ಕಷ್ಟಪಟ್ಟ 90 ಎಕರೆಯಲ್ಲೇ ಆರು ಎಕರೆ ಬೆಳೆ ಮಣ್ಣು ಮುಚ್ಚಿ ಹಾಳಾಯ್ತು. ಆ ಹೊಲದವರು ಪ್ಲಾಂಟಿಗೆ ಜಮೀನು ಕೊಟ್ಟವರೂ ಅಲ್ಲ, ಬಾಡಿಗೆ ಬರೋರೂ ಅಲ್ಲ. ಅವತ್ತು ಅವರ ಮುಂದೆ ನಿಂತು ಏನು ಹೇಳ್ಬೇಕು ಅಂತ ನನಗೆ ತಿಳೀಲಿಲ್ಲ.

ಪರಿಹಾರಕ್ಕೆ ಏಳು ತಿಂಗಳು ಓಡಾಡಿದ್ವಿ, ಸಿಕ್ತು, ಪೂರ್ತಿ ಅಲ್ಲ. ಇಳಿಜಾರಿಗೆ ಅಡ್ಡವಾಗಿ ಬದುಗಳನ್ನ ಮತ್ತೆ ಹಾಕಿಸಿದ್ವಿ, ನೀರು ಇಂಗೋಕೆ ಕೆಳ ಅಂಚಲ್ಲಿ ಉದ್ದ ಗುಂಡಿ ತೋಡಿಸಿದ್ವಿ, ಹುಲ್ಲಿನ ಬೀಜ ಎರಡು ಸಲ ಎರಚಿದ್ವಿ. ಕೆರೆದ 40 ಎಕರೆಯಲ್ಲಿ ಎರಡನೇ ವರ್ಷಕ್ಕೂ ಹುಲ್ಲು ಅಲ್ಲಲ್ಲಿ ಮಾತ್ರ ಬಂದಿದೆ. ಕೆರೆಯದ ಕಡೆ, ಅಂದ್ರೆ ಇಳಿಜಾರು ಇದ್ದ ಹಾಗೇ ಬಿಟ್ಟು ಕಂಬ ಹೊಡೆದ ಕಡೆ, ಪ್ಯಾನೆಲ್ ನೆರಳಲ್ಲಿ ಹುಲ್ಲು ಮುಂಚಿಗಿಂತ ಮೂರು ನಾಲ್ಕು ವಾರ ಹೆಚ್ಚು ಹಸಿರಾಗಿ ನಿಲ್ಲತ್ತೆ ಅಂತ ಕುರಿಯವರೇ ಹೇಳ್ತಾರೆ. ಒಂದೇ ಪ್ಲಾಂಟು, ಒಂದೇ ಮಳೆ, ವ್ಯತ್ಯಾಸ ಇರೋದು ಬುಲ್ಡೋಜರ್ ಓಡಿಸಿದ್ರಾ ಇಲ್ವಾ ಅನ್ನೋದರಲ್ಲಿ ಮಾತ್ರ.

ಒಂಬತ್ತು ಮನೆಗಳಲ್ಲಿ ಏಳು ಈಗಲೂ ಕುರಿ ಇಟ್ಕೊಂಡಿದಾರೆ. ಕಟ್ಟೋ ಹದಿನಾಲ್ಕು ತಿಂಗಳು ಒಳಗೆ ಬಿಡಲಿಲ್ಲ, ಆ ಸಮಯದಲ್ಲಿ ಎರಡು ಮನೆಯವರು ಮಂದೆ ಮಾರಿಬಿಟ್ಟರು. ಕಟ್ಟೋ ಅವಧಿಗೆ ಮೇವಿನ ವ್ಯವಸ್ಥೆ ಅಂತ ಒಂದು ಸಾಲು ಕಾಗದದಲ್ಲಿ ಇದ್ದಿದ್ರೆ ಅವರೂ ಉಳೀತಿದ್ರು, ಆ ಸಾಲು ಬರೆಯೋದು ನಮಗೆ ಹೊಳೀಲಿಲ್ಲ.

ಹೆಣ್ಣುಮಗಳ ಸಾಲ ತೀರಿದೆ. ಉಳಿದ ಎರಡು ಎಕರೆ ಕೆಳಗಡೆ ಇದೆ, ಅದನ್ನ ಪಾಲಿಗೆ ಕೊಟ್ಟಿದಾರೆ. ಎರಡು ಎಕರೆ ಎತ್ತರದ ಪ್ರಯೋಗದಲ್ಲಿ ಮೊದಲ ವರ್ಷ ಸೊಪ್ಪು ಚೆನ್ನಾಗಿ ಬಂತು, ಕಾಳು ಬೆಳೆ ಸೊರಗ್ತು, ಟ್ರಾಕ್ಟರ್ ತಿರುಗಿಸೋಕೆ ಕಂಬಗಳ ಮಧ್ಯೆ ಜಾಗ ಸಾಲಲ್ಲ ಅಂತ ಹಿರಿಯರ ದೂರು. ಒಂದು ಬೆಳೆಯ ಮೇಲೆ ನಾನು ಏನೂ ತೀರ್ಮಾನ ಹೇಳಲ್ಲ.

ಈಗ ಕಂಪನಿ ಮತ್ತೆ 40 ಎಕರೆ ಕೇಳ್ತಿದೆ, ಈ ಸಲ ಕೆಳಗಿನದ್ದು. ಮಗ ಕೊಡೋಣ ಅಂತಿಲ್ಲ, ಬೇಡ ಅಂತಾನೂ ಇಲ್ಲ, ಮೊದಲು ಎತ್ತರದ್ದಾದ್ರೆ ಎಷ್ಟು ರೇಟಿಗೆ ಟೆಂಡರ್ ಹಾಕ್ತೀರಾ ಹೇಳಿ ಅಂತ ಕೇಳಿದಾನೆ. ನಾನು ಗುಂಡಿ ತೋಡೋದು ಮಳೆ ಬಿದ್ದ ಮೇಲೆ ಅಂತ ಹೇಳಿದೀನಿ. ಸಭೆ ಮುಂದಿನ ತಿಂಗಳು, ಕುರಿಯವರ ಏಳು ಮನೆಗೂ, ಮಂದೆ ಮಾರಿದ ಎರಡು ಮನೆಗೂ, ಮಣ್ಣು ಬಿದ್ದ ಆರು ಎಕರೆಯವರಿಗೂ ಹೇಳಿಕಳಿಸಿದಾರೆ.